ಪುಟ್ಟ ಮಕ್ಕಳ ಮನೆಗೆ ಪುಟ್ಟ ನಾಯಿ: ತಳಿಗಿಂತ ಮೊದಲು ತೂಕ ನೋಡಿ

ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ, ಹಾಗಾಗಿ ನಾಯಿಯೂ ಚಿಕ್ಕದೇ ಇರಲಿ ಎಂದು ತೀರ್ಮಾನ ಮಾಡಿಕೊಂಡೇ ಬಹಳ ಮಂದಿ ಬರುತ್ತಾರೆ. ನಾಯಿಗಳನ್ನು ಮಕ್ಕಳಿರುವ ಮನೆಗೆ ಒಗ್ಗಿಸುವುದು ನನ್ನ ಕೆಲಸ. ತಳಿಯ ಹೆಸರು ಕೇಳುವ ಮೊದಲು ನಾನು ಎರಡು ಅಂಕಿ ಕೇಳುತ್ತೇನೆ: ಮನೆಯ ಅತಿ ಚಿಕ್ಕ ಮಗುವಿನ ವಯಸ್ಸೆಷ್ಟು, ಬೆಳೆದ ಮೇಲೆ ಆ ನಾಯಿ ಎಷ್ಟು ತೂಗುತ್ತದೆ. ಮಗುವಿಗೆ ಐದು ತುಂಬಿಲ್ಲ, ನಾಯಿ ನಾಲ್ಕು ಕೆಜಿ ದಾಟುವುದಿಲ್ಲ ಎಂದಾದರೆ ಬೇಡ ಎಂದೇ ಹೇಳುತ್ತೇನೆ. ನನ್ನ ಮೊದಲ ಚಿಂತೆ ನಾಯಿಯ ಕಾಲಿನದು. ಕಚ್ಚುವ ಮಾತು ಆಮೇಲೆ.

ಚಿವಾವಾ ಹೆಚ್ಚೆಂದರೆ 2.7 ಕೆಜಿ, ಪೊಮೆರೇನಿಯನ್ 1.4ರಿಂದ 3.2 ಕೆಜಿ. (ಏಳೆಂಟು ಕೆಜಿಯ ಬಿಳಿ ಸ್ಪಿಟ್ಜ್ ನಾಯಿಯನ್ನೂ ಪೊಮೆರೇನಿಯನ್ ಎಂದೇ ಕರೆಯುವವರಿದ್ದಾರೆ, ನಾನು ಹೇಳುತ್ತಿರುವುದು ಅದರ ಬಗ್ಗೆ ಅಲ್ಲ.) ಇಷ್ಟು ಸಣ್ಣ ನಾಯಿಯ ಮುಂಗಾಲನ್ನು ಪಾದದ ಗಂಟಿನ ಮೇಲೆ ಮೆಲ್ಲಗೆ ಹಿಡಿದು ನೋಡಿ. ಒಳಗಿನ ಎರಡು ಮೂಳೆಗಳು ಪೆನ್ಸಿಲ್ ದಪ್ಪವೂ ಇರುವುದಿಲ್ಲ. ಮುರಿಯುವುದು ಹೆಚ್ಚಾಗಿ ಅಲ್ಲೇ. ಮಗು ನಾಯಿಯನ್ನು ಎತ್ತಿ ಎಸೆಯಬೇಕೆಂದೇನಿಲ್ಲ. ಎತ್ತಿಕೊಂಡ ನಾಯಿ ಕೊಸರಾಡುತ್ತದೆ, ಮಗುವಿನ ಹಿಡಿತ ಸಡಿಲವಾಗುತ್ತದೆ, ನಾಯಿ ತಲೆ ಮುಂದಾಗಿ ಕೆಳಕ್ಕೆ ಹಾರುತ್ತದೆ, ಇಡೀ ಮೈಭಾರ ಮುಂಗಾಲಿನ ಮೇಲೆ ಬೀಳುತ್ತದೆ. ಸೋಫಾದ ಎತ್ತರ ಸಾಕು. ಈ ತಳಿಗಳಲ್ಲಿ ಆ ಭಾಗಕ್ಕೆ ರಕ್ತ ಪೂರೈಕೆಯೂ ಕಡಿಮೆ. ಬರೀ ಬ್ಯಾಂಡೇಜ್ ಅಥವಾ ಪ್ಲಾಸ್ಟರ್ ಹಾಕಿದರೆ ಮೂಳೆ ಕೂಡದೇ ಉಳಿಯುವ ಸಂಭವ ಹೆಚ್ಚು. ಸಾಮಾನ್ಯವಾಗಿ ಪ್ಲೇಟ್ ಇಟ್ಟು ಸ್ಕ್ರೂ ಹಾಕುವ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ.

ಹಾಗಾದರೆ ಯಾವುದು? ಆರರಿಂದ ಎಂಟು ಕೆಜಿಯ ಗುಂಪಿನಲ್ಲಿ ಹುಡುಕಿ. ಕ್ಯಾವಲಿಯರ್ ಸ್ಪ್ಯಾನಿಯಲ್ ಸ್ವಭಾವದಲ್ಲಿ ಮಕ್ಕಳಿಗೆ ಚೆನ್ನಾಗಿ ಹೊಂದುತ್ತದೆ, ಆದರೆ ಹೃದಯದ ಕವಾಟದ ಕಾಯಿಲೆ ಈ ತಳಿಗೆ ಅಂಟಿಕೊಂಡೇ ಬಂದಿದೆ, ತಾಯಿ-ತಂದೆ ನಾಯಿಗಳ ಹೃದಯ ತಪಾಸಣೆಯ ವರದಿ ಕೇಳಿ. ಪಗ್ ಗಟ್ಟಿಮುಟ್ಟು, ಮಕ್ಕಳ ಗಲಾಟೆಗೆ ಬೆಚ್ಚುವುದು ಕಡಿಮೆ. ಆದರೆ ಮೂತಿ ಚಪ್ಪಟೆಯಾದ್ದರಿಂದ ಓಡಿಸಿ ಆಡಿಸಿದರೆ ಉಸಿರು ಕಟ್ಟುತ್ತದೆ, ಉಬ್ಬಿದ ಕಣ್ಣಿಗೆ ಮಗುವಿನ ಬೆರಳು ಸುಲಭವಾಗಿ ತಾಗುತ್ತದೆ. ಶಿಟ್ಸುವಿಗೂ ಕಣ್ಣಿನ ಸಮಸ್ಯೆ ಇದ್ದದ್ದೇ, ಜೊತೆಗೆ ಕೂದಲು ಗಂಟಾಗಿದ್ದರೆ ಮಗು ಸವರಿದಾಗಲೆಲ್ಲ ಚರ್ಮ ಎಳೆದು ನೋಯುತ್ತದೆ. ಕೂದಲನ್ನು ಎರಡು ಸೆಂ.ಮೀ.ಗೆ ಕತ್ತರಿಸಿ ಇಡುವುದು ವಾಸಿ. ಡ್ಯಾಷ್‌ಹಂಡ್ ಬಗ್ಗೆ ನನಗೆ ಅಷ್ಟು ಉತ್ಸಾಹವಿಲ್ಲ. ಅದರ ಬೆನ್ನುಮೂಳೆಗಳ ನಡುವಿನ ಡಿಸ್ಕ್ ಮೊದಲೇ ದುರ್ಬಲ, ಕಂಕುಳಿಗೆ ಕೈ ಹಾಕಿ ನೇತಾಡಿಸಿ ಎತ್ತುವ ಮಕ್ಕಳ ಅಭ್ಯಾಸ ಅದಕ್ಕೆ ದೊಡ್ಡ ಶತ್ರು.

ಮರಿಯೇ ಬೇಕೆಂಬ ಹಟವನ್ನೂ ಬಿಡಿಸಲು ನೋಡುತ್ತೇನೆ. ಮರಿ ದಿನಕ್ಕೆ 18ರಿಂದ 20 ಗಂಟೆ ಮಲಗಬೇಕು, ಮಕ್ಕಳು ಬಿಡುವುದಿಲ್ಲ. ನಿದ್ದೆಗೆಟ್ಟ ಮರಿ ಹಿಮ್ಮಡಿ ಕಚ್ಚುತ್ತಾ ಓಡುತ್ತದೆ, ಮಗು ಕಿರುಚುತ್ತದೆ, ಕಿರುಚಿದಷ್ಟೂ ಮರಿಗೆ ಹುರುಪು. ಎರಡು ಕೆಜಿಯೊಳಗಿನ ಮರಿಗಳಿಗೆ ಮೊದಲ ನಾಲ್ಕು ತಿಂಗಳು ಇನ್ನೊಂದು ಅಪಾಯವಿದೆ: ಆಟದ ಭರದಲ್ಲಿ ಒಂದು ಹೊತ್ತು ಊಟ ತಪ್ಪಿದರೆ ರಕ್ತದ ಸಕ್ಕರೆ ಕುಸಿದು ತೂರಾಡುತ್ತವೆ, ನಡುಗುತ್ತವೆ. ವಸಡಿಗೆ ಜೇನುತುಪ್ಪ ಸವರಿ ಕೂಡಲೇ ಪಶುವೈದ್ಯರ ಬಳಿ ಒಯ್ಯಬೇಕು. ದಿನಕ್ಕೆ ನಾಲ್ಕು ಸಲ ಊಟ ಕೊಟ್ಟರೆ ಆ ಸ್ಥಿತಿ ಬರುವುದು ಅಪರೂಪ. ಎರಡು ವರ್ಷ ದಾಟಿದ, ಮಕ್ಕಳ ಜೊತೆ ಇದ್ದು ಗೊತ್ತಿರುವ ನಾಯಿ ಸಿಕ್ಕರೆ ಅದರ ಸ್ವಭಾವ ಕಣ್ಣೆದುರೇ ಇರುತ್ತದೆ, ಊಹಿಸಬೇಕಾಗಿಲ್ಲ.

ನಾಯಿ ಬರುವ ಮುಂಚೆ ಮನೆಯಲ್ಲಿ ಮಾಡಿಸುವ ಮೊದಲ ಕೆಲಸ, ಮಗುವಿನ ಜಾಗ ನಾಯಿಯ ಜಾಗ ಬೇರೆ ಮಾಡುವ ಗೇಟ್. ಮಕ್ಕಳಿಗೆಂದು ಮಾರುವ ಸರಳುಗಳ ಗೇಟ್‌ನಲ್ಲಿ ಸಣ್ಣ ಮರಿ ನುಸುಳಿಬಿಡುತ್ತದೆ, ಅರ್ಧ ನುಸುಳಿ ಸಿಕ್ಕಿಕೊಳ್ಳುವುದು ಇನ್ನೂ ಕೆಟ್ಟದ್ದು. ಮರಿಯ ತಲೆಯ ಅಗಲಕ್ಕಿಂತ ಸಂದು ಕಿರಿದಾಗಿರಲಿ, ಇಲ್ಲವೇ ಕೆಳಗಿನ 40 ಸೆಂ.ಮೀ.ಗೆ ಜಾಲರಿ ಕಟ್ಟಿ. ಗೇಟ್‌ನ ಆಚೆ ನಾಯಿಯ ಕ್ರೇಟ್, ಅಂದರೆ ಅದು ಮಲಗುವ ಗೂಡು. ಕ್ರೇಟ್‌ನೊಳಗೆ ಮಗುವಿನ ಕೈ, ಕಾಲು, ಆಟಿಕೆ ಏನೂ ಹೋಗಕೂಡದು. ಮನೆಮಂದಿ ಹೆಚ್ಚು ಸಡಿಲ ಬಿಡುವುದು ಇದನ್ನೇ. ಮಗು ಕ್ರೇಟ್‌ನಲ್ಲಿ ಕೂತ ಫೋಟೋ ತೆಗೆಯುವವರೂ ಇದ್ದಾರೆ. ಊಟದ ಬಟ್ಟಲೂ ಗೇಟ್‌ನ ಆಚೆಯೇ. ಹದಿನೈದು ನಿಮಿಷ ಇಟ್ಟು, ನಾಯಿ ಹೊರಬಂದ ಮೇಲೆ ದೊಡ್ಡವರೇ ಬಟ್ಟಲು ತೆಗೆಯಬೇಕು. ಕತ್ತಿಗೆ ಕಾಲರ್ ಬದಲು ಎದೆಗೆ ಹಾರ್ನೆಸ್, ಪಟ್ಟಿಯಡಿ ಎರಡು ಬೆರಳು ಹೋಗುವಷ್ಟು ಸಡಿಲ. ಪೊಮೆರೇನಿಯನ್, ಚಿವಾವಾ, ಯಾರ್ಕ್‌ಷೈರ್ ಟೆರಿಯರ್‌ಗಳ ಶ್ವಾಸನಾಳ ಮೆತ್ತಗಿರುತ್ತದೆ, ಮಗು ಕಾಲರ್ ಹಿಡಿದು ಎಳೆದರೆ ಬಾತುಕೋಳಿ ಕೂಗಿದಂಥ ಒಣಕೆಮ್ಮು ಶುರುವಾಗುತ್ತದೆ.

ಮಗುವಿಗೆ ಕಲಿಸುವುದು ಮುಖ್ಯವಾಗಿ ಒಂದೇ: ನೆಲದ ಮೇಲೆ ಕೂತರೆ ಮಾತ್ರ ನಾಯಿ. ನಿಂತು ಮುಟ್ಟುವಂತಿಲ್ಲ, ಸೋಫಾದ ಮೇಲೆ ತೊಡೆಯಲ್ಲಿ ಕೂರಿಸಿಕೊಳ್ಳುವಂತಿಲ್ಲ, ಎತ್ತುವುದಂತೂ ಎಂಟು ವರ್ಷದವರೆಗೆ ಇಲ್ಲ. ಮಗು ಚಕ್ಕಳಮಕ್ಕಳ ಹಾಕಿ ಕೂರುತ್ತದೆ, ನಾಯಿ ತಾನಾಗಿ ಬರುವವರೆಗೆ ಕಾಯುತ್ತದೆ. ಬಂದರೆ ಎದೆಯ ಪಕ್ಕ ಒಂದೇ ಕೈಯಲ್ಲಿ ಮೂರು ಎಣಿಸುವವರೆಗೆ ಸವರಿ ಕೈ ತೆಗೆಯಬೇಕು. ನಾಯಿ ಇನ್ನೂ ಹತ್ತಿರ ಒತ್ತಿ ನಿಂತರೆ ಮತ್ತೆ ಮೂರು. ತಲೆ ತಿರುಗಿಸಿದರೆ, ಸುಮ್ಮನೆ ನಿಂತರೂ, ಆಟ ಮುಗಿಯಿತು. ನಾಲ್ಕು ವರ್ಷದ ಮಕ್ಕಳು ಈ ಎಣಿಕೆಯನ್ನು ಬೇಗ ಹಿಡಿಯುತ್ತಾರೆ. ಎರಡು ವರ್ಷದವರಿಗೆ ಇದು ಆಗದ ಕೆಲಸ, ಅವರ ಕೈಯನ್ನು ದೊಡ್ಡವರ ಕೈ ಹಿಡಿದೇ ಇರಬೇಕು. ಮೊದಲ ಮೂರು ವಾರ ಇಂಥ ಐದು ನಿಮಿಷದ ಆಟ ದಿನಕ್ಕೆ ಮೂರು ಸಲ, ಅದಕ್ಕಿಂತ ಹೆಚ್ಚು ನಾನು ಬಿಡುವುದಿಲ್ಲ. ಮಗುವಿಗಿದು ಬೇಸರ ಅನ್ನುವುದು ನಿಜ.

ಕಚ್ಚುವ ಮೊದಲು ನಾಯಿ ಏನು ಮಾಡುತ್ತದೆ ಎಂಬುದನ್ನು ಒಮ್ಮೆ ನಿಧಾನವಾಗಿ ನೋಡೋಣ. ಮಗು ತಬ್ಬಿಕೊಂಡಿದೆ. ನಾಯಿ ನಾಲಗೆ ಚಾಚಿ ತನ್ನ ಮೂಗನ್ನೇ ಒಮ್ಮೆ ನೆಕ್ಕಿಕೊಳ್ಳುತ್ತದೆ, ನಿದ್ದೆಯಿಲ್ಲದಿದ್ದರೂ ಆಕಳಿಸುತ್ತದೆ. ಮುಖ ಆಚೆ ತಿರುಗಿಸಿ ಕಣ್ಣು ಮಾತ್ರ ಮಗುವಿನತ್ತ ಇಟ್ಟಾಗ ಅಂಚಿನಲ್ಲಿ ಬಿಳಿಗುಡ್ಡೆ ಅರ್ಧಚಂದ್ರದಂತೆ ಕಾಣುತ್ತದೆ. ಬಾಯಿ ಮುಚ್ಚುತ್ತದೆ. ಮೈ ಮರಗಟ್ಟುತ್ತದೆ, ಒಂದೆರಡು ಕ್ಷಣ ಬಾಲವೂ ಅಲ್ಲಾಡುವುದಿಲ್ಲ. ಆಮೇಲೆ ಗುರ್ ಎನ್ನುತ್ತದೆ, ಆಮೇಲೆ ಹಲ್ಲು. ದೊಡ್ಡ ನಾಯಿ ಗುರ್ ಎಂದರೆ ಮನೆಮಂದಿ ಎದ್ದು ಬರುತ್ತಾರೆ. ಎರಡು ಕೆಜಿಯದ್ದು ಗುರ್ ಎಂದರೆ ನಗುತ್ತಾರೆ, ವಿಡಿಯೋ ಮಾಡುತ್ತಾರೆ. ಹಿಂದಿನದ್ಯಾವುದೂ ಕೆಲಸಕ್ಕೆ ಬರಲಿಲ್ಲ ಎಂದು ಕಲಿತ ಸಣ್ಣ ನಾಯಿ ಆಮೇಲಾಮೇಲೆ ನೇರ ಹಲ್ಲಿಗೇ ಹೋಗುತ್ತದೆ. ಸೋಫಾದ ಮೇಲಿದ್ದರೆ ಅದರ ಬಾಯಿಯ ಮಟ್ಟಕ್ಕೆ ಸರಿಯಾಗಿ ಮಗುವಿನ ಮುಖವಿರುತ್ತದೆ. ಗುರ್ ಎಂದದ್ದಕ್ಕೆ ಗದರಬೇಡಿ, ಮಗುವನ್ನು ಆಚೆ ಕರೆಯಿರಿ. ಅಮ್ಮನ ತೊಡೆಯ ಮೇಲೆ ಕೂತು ಮಗು ಬಂದಾಗ ಗುರ್ ಎನ್ನುವ ನಾಯಿಯದ್ದು ಬೇರೆ ಲೆಕ್ಕ: ಮಾತಿಲ್ಲದೆ ಎದ್ದು ನಿಂತುಬಿಡಿ, ತೊಡೆ ಮಾಯವಾಗಲಿ. ಹಾಗೆಯೇ ಮಗು ಹತ್ತಿರ ಬಂದಾಗಲೆಲ್ಲ ನಾಯಿಗೆ ತಿಂಡಿ ಬೀಳುವಂತೆ ಮಾಡುತ್ತಾ ಬನ್ನಿ.

ಮಗುವಿನ ವಸ್ತುಗಳೂ ಸಣ್ಣ ನಾಯಿಗೆ ವಿಷವಾಗುತ್ತವೆ, ಮೈತೂಕ ಕಡಿಮೆಯಾದ್ದರಿಂದ ಪ್ರಮಾಣ ಬಹಳ ಬೇಡ. ಮೂರು ಕೆಜಿ ನಾಯಿಗೆ 0.3 ಗ್ರಾಂ ಕ್ಸೈಲಿಟಾಲ್ (ಸಕ್ಕರೆಯ ಬದಲು ಬಳಸುವ ಸಿಹಿ ಪದಾರ್ಥ) ಸಾಕು, ಸಕ್ಕರೆರಹಿತ ಚೂಯಿಂಗ್ ಗಮ್‌ನ ಒಂದೆರಡು ತುಂಡಿನಲ್ಲೇ ಅಷ್ಟಿರಬಹುದು. ಕಪ್ಪು ಚಾಕೊಲೇಟ್ ಹತ್ತು ಹನ್ನೆರಡು ಗ್ರಾಂ ತಿಂದರೂ ತೊಂದರೆ ಶುರು. ದ್ರಾಕ್ಷಿ, ಒಣದ್ರಾಕ್ಷಿ ಬೇಡವೇ ಬೇಡ. ಮಕ್ಕಳ ಜ್ವರದ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಸಿರಪ್ ಸಿಹಿಯಾಗಿರುತ್ತದೆ, ನೆಕ್ಕುತ್ತವೆ. ಬಳಸಿದ ಡೈಪರ್ ಹರಿದು ತಿಂದರೆ ಒಳಗಿನ ಹರಳು ನೀರು ಹೀರಿ ಉಬ್ಬಿ ಕರುಳು ಕಟ್ಟಬಹುದು. ಡೈಪರ್ ಡಬ್ಬಿಗೆ ಬಿಗಿಯಾದ ಮುಚ್ಚಳ ಇರಲಿ.

ಇನ್ನೊಂದು ಕಡೆ, ನಾಯಿಯಿಂದ ಮಗುವಿಗೆ ದಾಟುವ ಜಂತುಹುಳು. ಮರಿಗೆ ಎರಡನೇ ವಾರದಿಂದ ಎಂಟನೇ ವಾರದವರೆಗೆ ಎರಡು ವಾರಕ್ಕೊಮ್ಮೆ, ಅಲ್ಲಿಂದ ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ ಔಷಧ. ಮಲದಲ್ಲಿ ಬಂದ ಮೊಟ್ಟೆ ಸೋಂಕು ಹರಡುವ ಸ್ಥಿತಿಗೆ ಬರಲು ಎರಡು ಮೂರು ವಾರ ಬೇಕು, ಹಾಗಾಗಿ ಅಂದಂದಿನ ಮಲ ಅಂದೇ ತೆಗೆದರೆ ಮುಕ್ಕಾಲು ಕೆಲಸ ಮುಗಿದಂತೆ. ರೇಬಿಸ್ ಲಸಿಕೆ ಮೂರು ತಿಂಗಳು ತುಂಬಿದಾಗ. ಪರಚಿದ್ದಾಗಲಿ ಕಚ್ಚಿದ್ದಾಗಲಿ, ಗಾಯ ಎಷ್ಟೇ ಸಣ್ಣದಿರಲಿ, ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ವೈದ್ಯರಿಗೆ ತೋರಿಸಿ. ಮನೆ ನಾಯಿ, ಲಸಿಕೆ ಆಗಿದೆ ಎಂದು ಬಿಡಬೇಡಿ. ಪರಚುವುದೇ ಹೆಚ್ಚು, ಮೂರು ವಾರಕ್ಕೊಮ್ಮೆ ಉಗುರು ಕತ್ತರಿಸಿ.

ಓಡುತ್ತಿದ್ದ ನಾಯಿ ಒಂದು ಹಿಂಗಾಲನ್ನು ನಾಲ್ಕು ಹೆಜ್ಜೆ ಎತ್ತಿಟ್ಟು ಮತ್ತೆ ಊರಿದರೆ ಮಂಡಿಚಿಪ್ಪು ಜಾರುತ್ತಿದೆ ಎಂದು ಅನುಮಾನಿಸಿ. ನೋವಿರುವ ದಿನಗಳಲ್ಲಿ ಅದೇ ಸಾಧು ನಾಯಿ ಮಗುವಿನ ಮೇಲೆ ಎಗರೀತು. ಸ್ವಭಾವ ದಿಢೀರನೆ ಬದಲಾದ ನಾಯಿಯನ್ನು ತರಬೇತಿಗೆ ಕರೆತರುವ ಮುಂಚೆ ಪಶುವೈದ್ಯರ ಹತ್ತಿರ ಕಳಿಸುತ್ತೇನೆ.

ಹೊರಗಿನ ಮಕ್ಕಳು ಬರುವ ದಿನ, ಹುಟ್ಟುಹಬ್ಬದ ಗದ್ದಲದ ದಿನ, ನಾಯಿಯನ್ನು ಪರಿಚಯಿಸುವ ಪ್ರಯತ್ನವೇ ಬೇಡ. ಬೇರೆ ಕೋಣೆಯಲ್ಲಿ ಕ್ರೇಟ್, ನೀರು, ಜಗಿಯಲು ಏನಾದರೂ ಇಟ್ಟು ಬಾಗಿಲು ಹಾಕಿ. ಚಿಲಕ ಮಾತ್ರ ಮಕ್ಕಳ ಕೈಗೆ ಎಟುಕದಷ್ಟು ಮೇಲಿರಲಿ.