ಮಳೆಗಾಲದಲ್ಲಿ ಕೋವಿ, ತೋಟಾ: ಎಲ್ಲಿಡುವುದು, ಹೇಗಿಡುವುದು?

ಕೊಡಗಿನ ಮನೆಗಳಲ್ಲಿ ಕೋವಿ ಕೆಡುವುದು ಬಳಸಿ ಬಳಸಿ ಅಲ್ಲ, ಮುಟ್ಟದೆ ಇಟ್ಟು. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ಕೊಡವರ ಕಕ್ಕಡ ಮಾಸ. ನಾಟಿಯ ಗಡಿಬಿಡಿಯಲ್ಲಿ ಆಯುಧಗಳನ್ನು ಕನ್ನಿಕೋಂಬರೆಯಲ್ಲಿ (ಮನೆಯ ಪೂಜಾ ಕೋಣೆ) ಇಟ್ಟರೆ ಮತ್ತೆ ಹೊರತೆಗೆಯುವುದು ಸೆಪ್ಟೆಂಬರ್ ಮೊದಲ ವಾರದ ಆಯುಧ ಪೂಜೆಯ ಹಬ್ಬವಾದ ಕೈಲ್ ಮುಹೂರ್ತಕ್ಕೆ. ವರ್ಷಕ್ಕೆ 3,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುವ ಮಡಿಕೇರಿ ಕಡೆ ಆ ವಾರಗಳಲ್ಲಿ ಗೋಡೆ ಬೆವರುತ್ತದೆ, ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ, ಉಪ್ಪಿನ ಡಬ್ಬಿಯಲ್ಲಿ ನೀರು ನಿಲ್ಲುತ್ತದೆ. ಉಕ್ಕಿನ ನಳಿಕೆಯೊಂದು ಮಾತ್ರ ಒಣಗಿರಬೇಕು ಎಂದರೆ ಆಗುವ ಮಾತಲ್ಲ.

ಮಲೆನಾಡಿನಲ್ಲಿ, ಕರಾವಳಿಯಲ್ಲಿ ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದು ಕೋವಿ ಇಟ್ಟುಕೊಂಡವರ ಪಾಡೂ ಇದೇ. ಕರಾವಳಿಯಲ್ಲಿ ಚಳಿಯ ಬದಲು ಸೆಕೆ, ಜೊತೆಗೆ ಉಪ್ಪಿನ ಗಾಳಿ. ಹೆಚ್ಚಿನ ಮನೆಗಳಲ್ಲಿ ಕೋವಿ ಮತ್ತು ತೋಟಾ (ಕಾರ್ಟ್ರಿಜ್) ಎರಡನ್ನೂ ಒಂದೇ ಬೀರುವಿನಲ್ಲಿ, ಒಂದೇ ರೀತಿಯಲ್ಲಿ ನೋಡಿಕೊಳ್ಳುತ್ತಾರೆ. ಆದರೆ ಇವೆರಡರ ಗುಣ ತದ್ವಿರುದ್ಧ. ಕೋವಿಗೆ ಎಣ್ಣೆ ಬೇಕು, ತೋಟಾಕ್ಕೆ ಎಣ್ಣೆ ತಾಗಲೇಬಾರದು. ಕೋವಿಗೆ ಸ್ವಲ್ಪ ಬೆಚ್ಚಗಿದ್ದರೆ ಒಳ್ಳೆಯದು, ತೋಟಾಕ್ಕೆ ತಂಪೇ ಬೇಕು. ಇಷ್ಟು ತಲೆಯಲ್ಲಿಟ್ಟುಕೊಂಡರೆ ಮುಂದಿನ ಕೆಲಸ ಸಲೀಸು.

ಮೊದಲು ಖಾಲಿ ಮಾಡಿ

ಮೇ ತಿಂಗಳ ಕೊನೆಗೆ, ಮುಂಗಾರು ಬರುವ ಮೊದಲು, ಒಂದು ಒಣ ದಿನ ಇದಕ್ಕೆಂದೇ ಇಟ್ಟುಕೊಳ್ಳಿ. ಕೋವಿಯ ಬಾಯಿ ಯಾರೂ ಇಲ್ಲದ ದಿಕ್ಕಿಗಿರಲಿ, ಬೆರಳು ಕುದುರೆಯಿಂದ (ಟ್ರಿಗರ್) ದೂರವಿರಲಿ. ತೋಟಾ ಕೋವಿಯಾದರೆ ಮಡಚಿ ಎರಡೂ ನಳಿಕೆಯನ್ನು ಬೆಳಕಿಗೆ ಹಿಡಿದು ನೋಡಿ, ಬೆರಳು ಹಾಕಿಯೂ ನೋಡಿ. ‘ಖಾಲಿ ಇದೆ, ನಾನೇ ತೆಗೆದಿದ್ದೆ’ ಎಂದು ಮನೆಯವರು ಹೇಳಿದರೂ ನೀವು ಮತ್ತೊಮ್ಮೆ ನೋಡಲೇಬೇಕು.

ಬಾಯಿಯಿಂದ ಮದ್ದು ತುಂಬಿ, ಕೇಪಿನ ಕಿಡಿಯಿಂದ ಹಾರಿಸುವ ಹಳೆಯ ಕೇಪಿನ ಕೋವಿಯ ವಿಷಯದಲ್ಲಿ ಇನ್ನಷ್ಟು ಬಿಗಿ ಬೇಕು. ಹಂದಿ ಬಂದರೆ ಕೈಗೆ ಸಿಗಲಿ ಎಂದು ಮದ್ದು, ಚರೆ ತುಂಬಿಸಿ ಗೋಡೆಗೆ ನೇತುಹಾಕುವ ಅಭ್ಯಾಸ ಮಲೆನಾಡಿನಲ್ಲಿ ಇನ್ನೂ ಅಲ್ಲಲ್ಲಿ ಇದೆ. ಬಾಯಿಯಿಂದ ತುಂಬಿದ ಕೋವಿ ತುಂಬಿದೆಯೋ ಇಲ್ಲವೋ ಹೊರಗಿನಿಂದ ಗೊತ್ತಾಗುವುದಿಲ್ಲ. ಕೇಪು ತೆಗೆದರೂ ಒಳಗಿನ ಈಡು ಒಳಗೇ ಇರುತ್ತದೆ. ತಿಂಗಳುಗಟ್ಟಲೆ ತೇವದಲ್ಲಿ ನಿಂತ ಮದ್ದು ಹಾರದಿರಬಹುದು, ತಡವಾಗಿಯೂ ಹಾರಬಹುದು. ಹಾಗೆ ಉಳಿದುಹೋದ ಈಡನ್ನು ಮನೆಯಲ್ಲಿ ಕೆದಕಿ ತೆಗೆಯಲು ಹೋಗದೆ, ಪರವಾನಗಿ ಇರುವ ಕೋವಿ ರಿಪೇರಿಯವರಲ್ಲಿಗೆ ಒಯ್ಯಿರಿ.

ಒರೆಸುವುದು, ಎಣ್ಣೆ ಹಚ್ಚುವುದು

ನಳಿಕೆಯೊಳಗೆ ಮೊದಲು ಒಣ ಬಟ್ಟೆ, ಆಮೇಲೆ ಕೋವಿಗೆಂದೇ ಸಿಗುವ ದ್ರಾವಣದಲ್ಲಿ ಅದ್ದಿದ ಬಟ್ಟೆ, ಮತ್ತೆ ಒಣ ಬಟ್ಟೆ. ಬಟ್ಟೆ ಬಿಳಿಯಾಗಿ ಹೊರಬರುವವರೆಗೂ ಎಳೆಯಿರಿ. ಕರಿಮದ್ದು ಹಾರಿಸಿದ ಕೇಪಿನ ಕೋವಿಗೆ ಇಷ್ಟು ಸಾಲದು. ಆ ಮಸಿಯಲ್ಲಿ ಲವಣಗಳಿರುತ್ತವೆ, ಅವು ಗಾಳಿಯಲ್ಲಿನ ನೀರನ್ನು ಹೀರಿಕೊಂಡು ಮಳೆಗಾಲದಲ್ಲಿ ರಾತ್ರಿ ಕಳೆಯುವುದರೊಳಗೆ ತುಕ್ಕು ಎಬ್ಬಿಸುತ್ತವೆ. ಬಿಸಿನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಆಮೇಲೆ ಎಣ್ಣೆ.

ಎಣ್ಣೆಯ ಬಗ್ಗೆ ಮನೆಮನೆಗೂ ಒಂದೊಂದು ನಂಬಿಕೆ. ತೆಂಗಿನೆಣ್ಣೆ ಬೇಡ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ, ದಿನ ಕಳೆದಂತೆ ಕಮಟು ಹಿಡಿದು ಅಂಟಾಗುತ್ತದೆ. ಆಗಸ್ಟ್‌ನ ಮಡಿಕೇರಿಯಲ್ಲಿ ಕೋವಿಯ ಕೀಲಿನೊಳಗೆ ಅದು ಏನಾಗಿ ಕೂತಿರುತ್ತದೆ ಎಂದು ತಲೆಗೆ ಹಚ್ಚುವ ಬಾಟಲಿ ನೋಡಿದರೇ ಗೊತ್ತಾಗುತ್ತದೆ. ಸೀಮೆಎಣ್ಣೆ ಕೊಳೆ ಬಿಡಿಸುತ್ತದೆ, ಆದರೆ ಆರಿಹೋಗಿ ಲೋಹವನ್ನು ಬರಿದಾಗಿ ಬಿಡುತ್ತದೆ. ಡಬ್ಲ್ಯುಡಿ-40 ಎಂಬ ಸ್ಪ್ರೇ ನೀರನ್ನು ಹೊರದಬ್ಬಲು ಒಳ್ಳೆಯದು, ಮಳೆಯಲ್ಲಿ ನೆನೆದು ಬಂದ ದಿನ ಬಳಸಿ. ನಾಲ್ಕು ತಿಂಗಳ ಕಾವಲಿಗೆ ಅದನ್ನೇ ನಂಬಬೇಡಿ. ಕೋವಿಯ ಎಣ್ಣೆ ಸಿಕ್ಕರೆ ಅದೇ ಸರಿ, ಸಿಗದಿದ್ದರೆ ಹೊಲಿಗೆ ಯಂತ್ರದ ಎಣ್ಣೆಯನ್ನು ತೆಳುವಾಗಿ ಹಚ್ಚಿ ಹದಿನೈದು ದಿನಕ್ಕೊಮ್ಮೆ ಹೊಸದಾಗಿ ಒರೆಸುತ್ತಿರಿ. ಮಳೆಗಾಲವಿಡೀ ತೆಗೆಯುವುದೇ ಇಲ್ಲ ಎನ್ನುವವರು ತೆಳುವಾಗಿ ಗ್ರೀಸ್ ಹಚ್ಚಬಹುದು, ಆದರೆ ಮುಂದೆ ಬಳಸುವ ಮುನ್ನ ನಳಿಕೆಯೊಳಗಿನದನ್ನು ಪೂರ್ತಿ ಒರೆಸಿ ತೆಗೆಯಲೇಬೇಕು.

ಎಣ್ಣೆ ಹೆಚ್ಚಾದರೂ ಕೇಡು. ಬಾಯಿ ಮೇಲೆ ಮಾಡಿ ನಿಲ್ಲಿಸಿದ ಕೋವಿಯಲ್ಲಿ ಅದು ನಿಧಾನವಾಗಿ ಕೆಳಗಿಳಿದು ಕೀಲಿನ ಭಾಗಕ್ಕೆ, ಅಲ್ಲಿಂದ ಮರಕ್ಕೆ ಇಳಿಯುತ್ತದೆ. ವರ್ಷಗಟ್ಟಲೆ ಎಣ್ಣೆ ಕುಡಿದ ಮರ ಕಪ್ಪಾಗಿ, ಮೆತ್ತಗಾಗಿ, ಲೋಹದೊಂದಿಗೆ ಕೂಡುವ ಜಾಗದಲ್ಲಿ ಸಡಿಲವಾಗುತ್ತದೆ. ಹಳೆಯ ಜೋಡಿ ನಳಿಕೆ ಕೋವಿಗಳಲ್ಲಿ ಇದು ಎದ್ದು ಕಾಣುತ್ತದೆ. ಅದಕ್ಕೇ ಎಣ್ಣೆ ಹಚ್ಚಿದ ಮೊದಲ ಒಂದೆರಡು ದಿನ ಬಾಯಿ ಕೆಳಗೆ ಮಾಡಿ, ಅಡಿಗೆ ಬಟ್ಟೆ ಹಾಸಿ ನಿಲ್ಲಿಸುವುದು ಒಳ್ಳೆಯದು. ಮರದ ಭಾಗಕ್ಕೆ ಬೇಕಾದದ್ದು ಬೇರೆ ಎಣ್ಣೆ: ಪೇಂಟ್ ಅಂಗಡಿಯಲ್ಲಿ ಸಿಗುವ ಕುದಿಸಿದ ಅಗಸೆ ಎಣ್ಣೆ, ಅಂಗೈಯಲ್ಲಿ ನಾಲ್ಕೇ ಹನಿ ಹಾಕಿಕೊಂಡು ತಿಕ್ಕಿದರೆ ಸಾಕು.

ಕೆಂಪು ತುಕ್ಕು ಆಗಲೇ ಕಂಡಿದ್ದರೆ ಮರಳು ಕಾಗದ ಹಿಡಿಯಬೇಡಿ. ಎಣ್ಣೆಯಲ್ಲಿ ನೆನೆಸಿದ ಅತಿ ನಯವಾದ ಉಕ್ಕಿನ ನಾರಿನಿಂದ ಮೆಲ್ಲಗೆ ಉಜ್ಜಿ. ನಳಿಕೆಯ ನೀಲಿಗಪ್ಪು ಬಣ್ಣ ತೀರಾ ತೆಳ್ಳಗಿನ ಪದರ, ಒಮ್ಮೆ ಹೋದರೆ ಮನೆಯಲ್ಲಿ ಬರಿಸಲಾಗದು. ನಳಿಕೆಯೊಳಗೆ ಗುಳಿ ಬಿದ್ದಿದ್ದರೆ ತೋರಿಸಿಕೊಳ್ಳದೆ ಹಾರಿಸಬೇಡಿ. ಕೊನೆಗೆ, ಬರಿಗೈಯಿಂದ ಮುಟ್ಟಿದ ಎಲ್ಲ ಕಡೆ ಎಣ್ಣೆ ಬಟ್ಟೆಯಿಂದ ಇನ್ನೊಮ್ಮೆ ಒರೆಸಿ. ಬೆವರಿನ ಉಪ್ಪು ಬೆರಳ ಗುರುತಿನ ಆಕಾರದಲ್ಲೇ ತುಕ್ಕು ಮೂಡಿಸುತ್ತದೆ, ಮಂಗಳೂರು, ಕಾರವಾರದ ಸೆಕೆಯಲ್ಲಂತೂ ಬಲು ಬೇಗ.

ಬೀರುವಿನೊಳಗಿನ ಹವೆ

ಗಾಳಿಯ ತೇವಾಂಶ ಶೇ 60 ದಾಟಿದರೆ ತುಕ್ಕು ವೇಗ ಪಡೆಯುತ್ತದೆ. ಶೇ 50ರ ಆಸುಪಾಸಿನಲ್ಲಿದ್ದರೆ ಕೋವಿಗೂ ಮರಕ್ಕೂ ಹಿತ. ಒಂದು ಸಣ್ಣ ತೇವಾಂಶ ಮಾಪಕ ತಂದು ಬೀರುವಿನೊಳಗೆ ಇಡಿ (ಕಾಫಿ ಬೀಜದ ಮಾಯಿಶ್ಚರ್ ಮೀಟರ್ ಇಲ್ಲಿ ಕೆಲಸಕ್ಕೆ ಬಾರದು). ಅಳತೆಯಿಲ್ಲದೆ ಮಾಡುವ ಉಪಾಯಗಳೆಲ್ಲ ಊಹೆಯೇ.

ಒಣಗಿಸಲು ಎರಡು ದಾರಿ ಇವೆ, ಒಂದನ್ನು ಆರಿಸಿಕೊಳ್ಳಿ. ಮೊದಲನೆಯದು ಶಾಖ. 22 ಡಿಗ್ರಿಯಲ್ಲಿ ಶೇ 95 ತೇವಾಂಶವಿರುವ ಗಾಳಿಯನ್ನು ಐದು ಡಿಗ್ರಿ ಬೆಚ್ಚಗೆ ಮಾಡಿದರೆ ತೇವಾಂಶ ಶೇ 70ರ ಹತ್ತಿರಕ್ಕೆ ಇಳಿಯುತ್ತದೆ. ಹಿಂದೆ ಬೀರುವಿನ ತಳದಲ್ಲಿ 40 ವಾಟ್‌ನ ಬಲ್ಬು ಉರಿಸುತ್ತಿದ್ದುದು ಇದಕ್ಕೇ. ಎಲ್‌ಇಡಿ ಬಲ್ಬಿಗೆ ಆ ಕಾವು ಇಲ್ಲ. ಬಲ್ಬಿಗಿಂತ ಬೀರುವಿಗೆಂದೇ ಮಾಡಿದ ಸಣ್ಣ ಹೀಟರ್ ಕಡ್ಡಿ ಸುರಕ್ಷಿತ. ಮೇಲೆ ಕೆಳಗೆ ಗಾಳಿಯಾಡಲು ಸಣ್ಣ ಸಂದು ಬೇಕು, ಬಟ್ಟೆಬರೆ ತಾಗಬಾರದು, ಆ ಬೀರುವಿನಲ್ಲಿ ತೋಟಾ ಇರಲೇಬಾರದು. ಆದರೆ ಗಾಳಿಮಳೆಗೆ ಮರ ಬಿದ್ದು ಮೂರು ದಿನ ಕರೆಂಟಿಲ್ಲದ ಊರಿನಲ್ಲಿ ಈ ದಾರಿ ಅರ್ಧಕ್ಕೇ ನಿಲ್ಲುತ್ತದೆ. ಬೆಚ್ಚಗಿದ್ದದ್ದು ತಣ್ಣಗಾಗುವಾಗಲೇ ಲೋಹದ ಮೇಲೆ ನೀರಹನಿ ಕೂರುವ ಭಯ.

ಹಾಗಾಗಿ ನಮ್ಮ ಹಳ್ಳಿಗಳಿಗೆ ಎರಡನೆಯ ದಾರಿಯಾದ ಸಿಲಿಕಾ ಜೆಲ್ ಹೆಚ್ಚು ಹೊಂದುತ್ತದೆ. ಇದಕ್ಕೆ ಬೀರುವಿನ ಸಂದುಗಳನ್ನು ರಬ್ಬರ್ ಪಟ್ಟಿಯಿಂದ ಮುಚ್ಚಬೇಕು, ಇಲ್ಲದಿದ್ದರೆ ಜೆಲ್ ಇಡೀ ಊರಿನ ಮಂಜನ್ನು ಕುಡಿಯುತ್ತಾ ಕೂರುತ್ತದೆ. ಚಪ್ಪಲಿ ಪೆಟ್ಟಿಗೆಯಲ್ಲಿ ಬರುವ ಪುಟ್ಟ ಪೊಟ್ಟಣಗಳಿಂದ ಏನೂ ಆಗದು, ಬೀರುವಿಗೆ ಅರ್ಧ ಕಿಲೋವಾದರೂ ಬೇಕು. ಕಿತ್ತಳೆ ಬಣ್ಣದ್ದನ್ನೇ ಕೊಳ್ಳಿ. ತೇವ ಹೀರಿ ಹಸಿರಾದಾಗ ಓವನ್‌ನಲ್ಲಿ 120 ಡಿಗ್ರಿ ಶಾಖದಲ್ಲಿ ಎರಡು ಮೂರು ಗಂಟೆ ಬಿಸಿ ಮಾಡಿದರೆ ಮತ್ತೆ ಕಿತ್ತಳೆಗೆ ತಿರುಗುತ್ತದೆ. ಮುಚ್ಚಿದ ಡಬ್ಬಿಯಲ್ಲಿ ಆರಿಸಿ ಒಳಗಿಡಿ. ನೀಲಿ ಜೆಲ್‌ನಲ್ಲಿ ಕೋಬಾಲ್ಟ್ ಕ್ಲೋರೈಡ್ ಎಂಬ ವಿಷ ಇರುತ್ತದೆ, ಅಡುಗೆ ಓವನ್‌ಗೆ ಅದು ಬೇಡ. ಬಟ್ಟೆ ಬೀರುವಿಗೆಂದು ಮಾರುವ, ತೇವ ಹೀರಿ ತಳದಲ್ಲಿ ನೀರು ತುಂಬಿಕೊಳ್ಳುವ ಡಬ್ಬಿಗಳನ್ನೂ ಕೋವಿಯ ಹತ್ತಿರ ತರಬೇಡಿ. ಅದರೊಳಗಿರುವುದು ಕ್ಯಾಲ್ಸಿಯಂ ಕ್ಲೋರೈಡ್. ಆ ನೀರು ಚೆಲ್ಲಿದರೆ ಸಮುದ್ರದ ನೀರಿಗಿಂತ ಕಡೆ.

ಚರ್ಮದ ಚೀಲ, ಸ್ಪಂಜಿನ ಪೆಟ್ಟಿಗೆ ಸಾಗಿಸಲಿಕ್ಕೆ ಮಾತ್ರ. ಚೆಂದ ಕಾಣುತ್ತದೆ ಎಂದು ಕೋವಿಯನ್ನು ಅದರಲ್ಲೇ ಬಿಟ್ಟರೆ ಒದ್ದೆ ಟವೆಲ್ ಸುತ್ತಿಟ್ಟ ಹಾಗೆ. ಪ್ಲಾಸ್ಟಿಕ್ ಸುತ್ತಿದರೂ ಅಷ್ಟೇ.

ತೋಟಾಕ್ಕೆ ಬೇರೆ ಜಾಗ, ಬೇರೆ ಬೀಗ

ಬ್ರಿಟಿಷರ ಕಾಲದ ಒಂದು ಸಂಗತಿ ಇಲ್ಲಿ ಹೇಳಲೇಬೇಕು. ಭಾರತದಲ್ಲಿದ್ದ ಅವರ ಸೈನ್ಯ ಮಳೆಗಾಲದಲ್ಲಿ ಹಿತ್ತಾಳೆಯ ತೋಟಾಗಳನ್ನು ಕುದುರೆ ಲಾಯಗಳಲ್ಲಿ ದಾಸ್ತಾನು ಮಾಡುತ್ತಿತ್ತು. ಮಳೆ ನಿಂತು ತೆಗೆದು ನೋಡಿದರೆ ತೋಟಾಗಳು ತಾವಾಗಿಯೇ ಸೀಳಿರುತ್ತಿದ್ದವು. ಮಳೆಗಾಲಕ್ಕೊಮ್ಮೆ ಬರುವ ಕಾಟವಾದ್ದರಿಂದ ಅದಕ್ಕೆ ಋತುವಿನ ಬಿರುಕು ಎಂದೇ ಹೆಸರಾಯಿತು. ಕಾರಣ ಸ್ಪಷ್ಟವಾದದ್ದು 1921ರಲ್ಲಿ: ಕುದುರೆಯ ಮೂತ್ರದಿಂದ ಎದ್ದ ಅಮೋನಿಯಾ, ಗಾಳಿಯ ತೇವದೊಂದಿಗೆ ಸೇರಿ, ಎಳೆದು ಮಾಡಿದ ಹಿತ್ತಾಳೆಯಲ್ಲಿ ಮೊದಲೇ ಇದ್ದ ಬಿಗಿತದ ಜಾಡು ಹಿಡಿದು ಅದನ್ನು ಸೀಳುತ್ತಿತ್ತು.

ಕುದುರೆ ಲಾಯ ಈಗ ಇಲ್ಲ, ಕೊಟ್ಟಿಗೆ ಇದೆ, ಯೂರಿಯಾ ಚೀಲ ಇಟ್ಟ ಗೊಬ್ಬರದ ಕೋಣೆ ಇದೆ. ಎರಡರಲ್ಲೂ ತೋಟಾ ಇಡಬೇಡಿ. ಹಸಿರು ಕಿಲುಬು ಕಂಡಿತೆಂದು ದೀಪ ತಿಕ್ಕುವ ಬ್ರಾಸೊ ಹಾಕಿ ತೋಟಾ ಹೊಳಪು ಮಾಡುವವರಿದ್ದಾರೆ. ಅದರಲ್ಲೂ ಅಮೋನಿಯಾ ಇದೆ. ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು, ಒರೆಸಿದರೂ ಹೋಗದಷ್ಟು ಕಿಲುಬು ಕಟ್ಟಿದ್ದರೆ ಆ ತೋಟಾ ಕೆಲಸಕ್ಕಿಲ್ಲ.

ಶಾಖ ಇನ್ನೊಂದು ಶತ್ರು. ಈಗಿನ ತೋಟಾಗಳಲ್ಲಿರುವ ಹೊಗೆಯಿಲ್ಲದ ಮದ್ದು ಬಿಸಿಯಲ್ಲಿ ವರ್ಷದಿಂದ ವರ್ಷಕ್ಕೆ ಒಳಗೇ ಕೊಳೆಯುತ್ತದೆ. ಶೀಟಿನ ಮಾಡಿನ ಕೆಳಗಿನ ಅಟ್ಟ, ಒಲೆಯ ಮೇಲಿನ ಹೊಗೆಯಟ್ಟ, ಬಿಸಿಲಿಗೆ ನಿಂತ ಜೀಪು ಯಾವುದೂ ಬೇಡ. ತೇವ ಹಿಡಿದ ತೋಟಾವನ್ನು ಬಿಸಿಲಿಗೆ ಹರಡುವುದು, ಒಲೆಯ ಬದಿಗಿಟ್ಟು ಬೆಚ್ಚಗೆ ಮಾಡುವುದು ಪ್ರಾಣಕ್ಕೆ ಸಂಚಕಾರ. ಒಳಗೋಡೆಗೆ ತಾಗಿದ, ಬಿಸಿಲು ಬೀಳದ ಕೋಣೆಯಲ್ಲಿ, ರಬ್ಬರ್ ಅಂಚಿನ ಮುಚ್ಚಳವಿರುವ ಡಬ್ಬಿಯಲ್ಲಿ, ಒಂದು ಚೀಲ ಸಿಲಿಕಾ ಜೆಲ್ ಜೊತೆ ಇಡಿ. ಒಣ ದಿನ ನೋಡಿ ಮುಚ್ಚಿ, ಪದೇ ಪದೇ ತೆಗೆಯಬೇಡಿ. ಕೊಂಡ ರಟ್ಟಿನ ಪೆಟ್ಟಿಗೆಯ ಸಮೇತ ಇಟ್ಟರೆ ಯಾವ ಲಾಟು, ಯಾವಾಗಿನದು ಎಂದು ತಿಳಿಯುತ್ತದೆ. ಹಳೆಯದು ಮೊದಲು ಖರ್ಚಾಗಲಿ. ಕೋವಿಗೆ ಎಣ್ಣೆ ಹಚ್ಚಿದ ಕೈಯಲ್ಲಿ ತೋಟಾ ಮುಟ್ಟಬೇಡಿ. ತೆಳ್ಳಗಿನ ಎಣ್ಣೆ ಹಿಂಬದಿಯ ಕೇಪಿನೊಳಗೆ ಇಳಿದು ಅದನ್ನು ಸಾಯಿಸುತ್ತದೆ.

ಹಳೆಯ ಕಾಗದದ ತೋಟಾಗಳಿದ್ದರೆ ಮಳೆಗಾಲದಲ್ಲಿ ಊದಿಕೊಂಡು ನಳಿಕೆಗೆ ಹೋಗುವುದಿಲ್ಲ. ಒತ್ತಿ ತುರುಕಬೇಡಿ.

ಬೀಗ, ಕಾಗದಪತ್ರ, ಠಾಣೆ

ಕೋವಿಯ ಬೀರುವನ್ನು ಗೋಡೆಗೆ ಬೋಲ್ಟ್ ಹಾಕಿ ನಿಲ್ಲಿಸಿ, ಹಿಂಬದಿ ಗೋಡೆಯ ಪಸೆ ತಾಗದಂತೆ ನಡುವೆ ಮರದ ತುಂಡು ಕೊಡಿ. ಕೋವಿಯ ಬೀಗದ ಕೈ ಒಂದು ಕಡೆ, ತೋಟಾದ್ದು ಇನ್ನೊಂದು ಕಡೆ. ಎರಡೂ ದೇವರ ಫೋಟೋದ ಹಿಂದೆ ಇರಬಾರದು, ಮನೆಯ ಮಕ್ಕಳು ಮೊದಲು ಹುಡುಕುವುದೇ ಅಲ್ಲಿ. ಮನೆಯಲ್ಲಿ ಯಾರಾದರೂ ಮನಸ್ಸು ಕುಗ್ಗಿಸಿಕೊಂಡಿದ್ದರೆ, ಕುಡಿತದ ಜಗಳ ನಡೆಯುತ್ತಿದ್ದರೆ, ಯಾವ ಬೀಗವನ್ನೂ ನಂಬದೆ ಕೋವಿಯನ್ನು ಪರವಾನಗಿ ಇರುವ ಅಂಗಡಿಯಲ್ಲೋ ಠಾಣೆಯಲ್ಲೋ ಸುರಕ್ಷಿತವಾಗಿಡಲು ಕೊಡಿ. ನೆಂಟರ ಮನೆಗೆ ಸಾಗಿಸಬೇಡಿ, ಅದು ಕಾನೂನಿನ ತೊಡಕು. ಕೊಡವರು ಮತ್ತು ಜಮ್ಮಾ (ಕೊಡಗಿನ ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರಿಗೆ 2029ರ ಅಕ್ಟೋಬರ್‌ವರೆಗೆ ಸಿಕ್ಕಿರುವ ವಿನಾಯಿತಿ ಪರವಾನಗಿಗೆ ಸಂಬಂಧಿಸಿದ್ದು, ಬೀಗಕ್ಕಲ್ಲ.

ಚುನಾವಣೆಯ ಹೊತ್ತಿಗೆ ಕೋವಿಯನ್ನು ಠಾಣೆಯಲ್ಲಿ ಠೇವಣಿ ಇಡುವವರಿಗೆ ಇನ್ನೊಂದು ಕಿರಿಕಿರಿ. 2024ರ ಲೋಕಸಭೆ ಚುನಾವಣೆಯ ನೀತಿಸಂಹಿತೆ ಮಾರ್ಚ್ 16ಕ್ಕೆ ಶುರುವಾಗಿ ಮುಗಿದದ್ದು ಜೂನ್ 6ಕ್ಕೆ. ಅಷ್ಟು ಕಾಲ ಕೋವಿ ನಮ್ಮ ಕೈಯಲ್ಲಿಲ್ಲ, ಬರುವ ಹೊತ್ತಿಗೆ ಮುಂಗಾರು ಬಾಗಿಲಲ್ಲಿ. ಕೊಡುವ ಮೊದಲು ಗ್ರೀಸ್ ಹಚ್ಚಿ, ಬಟ್ಟೆಯ ಚೀಲದಲ್ಲಿ ಹಾಕಿ, ನಂಬರು ಮತ್ತು ಸ್ಥಿತಿ ತೋರಿಸುವ ಫೋಟೋ ತೆಗೆದು, ರಸೀದಿಯಲ್ಲಿ ನಂಬರು ಸರಿಯಾಗಿದೆಯೇ ನೋಡಿಕೊಳ್ಳಿ. ವಾಪಸು ತಂದ ದಿನವೇ ಬಿಚ್ಚಿ ನೋಡಿ.

ಕೈಲ್ ಮುಹೂರ್ತದ ದಿನ ಪೂಜೆಗೆ ಇಟ್ಟ ಕೋವಿಗೆ ಗಂಧ, ಕುಂಕುಮ, ನಳಿಕೆಗೆ ತೋಕ್ ಪೂ ಎಂಬ ಕಾಡುಹೂ. ಆ ಒದ್ದೆ ಗಂಧ, ಹೂವಿನ ರಸ ಮರುದಿನದವರೆಗೆ ಉಳಿಯದಂತೆ ಸಂಜೆಯೇ ಒರೆಸಿ ಎಣ್ಣೆ ಹಚ್ಚಿ. ವರ್ಷದ ತಪಾಸಣೆಗೂ ಅದೇ ಒಳ್ಳೆಯ ದಿನ: ತೋಟಾದ ಡಬ್ಬಿ ತೆರೆದು ಎಣಿಸಿ, ಊದಿದ್ದು, ಸೀಳಿದ್ದು, ಕಿಲುಬು ಹಿಡಿದದ್ದನ್ನು ಬೇರೆ ಮಾಡಿ. ಅವನ್ನು ಹೂಳುವುದು, ಸುಡುವುದು, ಕೆರೆಗೆ ಎಸೆಯುವುದು ಯಾವುದೂ ಬೇಡ. ಪರವಾನಗಿ ಪುಸ್ತಕದ ಜೊತೆ ಕೋವಿ ಅಂಗಡಿಗೋ ಠಾಣೆಗೋ ಒಯ್ದು ಒಪ್ಪಿಸಿ, ಕೊಟ್ಟದ್ದಕ್ಕೆ ಬರಹದಲ್ಲಿ ರಸೀದಿ ಪಡೆಯಿರಿ.