ಮನೆಯಲ್ಲಿ ಯಾರಾದರೂ ಕ್ರಿಪ್ಟೋ ಅಂದರೆ ಮೊದಲು ಹೀಗೆ ಲೆಕ್ಕ ಹಾಕಿ

ಗಲ್ಫಿಗೆ ಹೋದವರಿಲ್ಲದ ಮನೆ ನಮ್ಮ ಕಾಸರಗೋಡಿನ ಕುಂಬಳೆ, ಉಪ್ಪಳ ಕಡೆ ಹುಡುಕಬೇಕು. ಹಾಗಾಗಿ ಇಲ್ಲಿ ಕ್ರಿಪ್ಟೋ (ಬಿಟ್‌ಕಾಯಿನ್‌ನಂಥ ಇಂಟರ್‌ನೆಟ್ ನಾಣ್ಯ) ಅಂದ ಕೂಡಲೇ ಮೊದಲ ಪ್ರಶ್ನೆ ದುಡ್ಡು ಬೆಳೆಸುವುದಾ, ಬರೀ ಕಳಿಸುವುದಾ ಅಂತ. ಎರಡನ್ನೂ ಕಲಸಬೇಡಿ.

ಬೆಳೆಸುವುದಕ್ಕಾದರೆ ಇಷ್ಟು ಕೇಳಿಕೊಳ್ಳಿ: ಈ ದುಡ್ಡು ಆರು ತಿಂಗಳೊಳಗೆ ಬೇಕಾಗಬಹುದಾ? ಹೌದಾದರೆ ಅಲ್ಲಿಗೇ ಬಿಡಿ. 2021ರ ನವೆಂಬರಿನಲ್ಲಿ 69 ಸಾವಿರ ಡಾಲರ್ ಹತ್ತಿರ ಇದ್ದ ಬಿಟ್‌ಕಾಯಿನ್ ಮರುವರ್ಷ ಅದೇ ತಿಂಗಳು 16 ಸಾವಿರದ ಆಸುಪಾಸಿಗೆ ಬಿತ್ತು. ಆಮೇಲೆ ಏರಿತು, ನಿಜ, ಆದರೆ ಬೀಡಿ ಕಟ್ಟಿ ಉಳಿಸಿದವರಿಗೆ ಜೂನ್‌ನಲ್ಲಿ ಮಳೆ, ಶಾಲೆ ಎರಡೂ ಒಟ್ಟಿಗೆ ಬರುವಾಗ ಕಾಯುವುದು ಆಗುವ ಮಾತಾ? ಚಿನ್ನ ಅಡವಿಟ್ಟ ದುಡ್ಡಂತೂ ಬೇಡವೇ ಬೇಡ. ಲಾಭ ಬಂದರೂ 2022ರ ಏಪ್ರಿಲ್‌ನಿಂದ ಶೇಕಡಾ 30 ತೆರಿಗೆ, ಕೂಲಿಯವರಿಗೂ ಕೋಟ್ಯಧಿಪತಿಗೂ ಒಂದೇ ದರ. ಒಂದು ಕಾಯಿನ್‌ನಲ್ಲಿ ಆದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವ ಹಾಗೂ ಇಲ್ಲ.

ಕಳಿಸುವುದಕ್ಕಾದರೆ ದುಬೈಯಲ್ಲಿರುವ ಮಗನ ಹತ್ತಿರ ದಾರಿ ಪೂರ್ತಿ ಬರೆಸಿ. ದಿರ್ಹಂ ಕೊಟ್ಟು ಯುಎಸ್‌ಡಿಟಿ (ಡಾಲರಿನ ಬೆಲೆಗೆ ಕಟ್ಟಿದ ಕ್ರಿಪ್ಟೋ) ಕೊಳ್ಳುವುದು, ಇಲ್ಲಿನ ವ್ಯಾಲೆಟ್‌ಗೆ (ಕ್ರಿಪ್ಟೋ ಇಡುವ ಆ್ಯಪ್) ಹಾಕುವುದು, ಅದನ್ನು ಮಾರಿ ರೂಪಾಯಿ ಮಾಡುವುದು, ಒಂದೊಂದು ಕಡೆಯೂ ಸ್ವಲ್ಪ ಸ್ವಲ್ಪ ಕಡಿತ, ಮಾರುವಾಗ ಶೇಕಡಾ 1ರ ಟಿಡಿಎಸ್, ಅಂದರೆ ಮೊದಲೇ ಹಿಡಿದುಕೊಳ್ಳುವ ತೆರಿಗೆ ಬೇರೆ. ಕೊನೆಗೆ ಕೈಗೆ ಎಷ್ಟು ಬಂತು ಅಂತ ಅದೇ ದಿನದ ಮಾಮೂಲಿ ಎಕ್ಸ್‌ಚೇಂಜ್ ಅಂಗಡಿಯ ರೇಟಿನ ಜೊತೆ ಹಿಡಿದು ನೋಡಿ. 200 ಡಾಲರ್ ಕಳಿಸಲು ಜಗತ್ತಿನ ಸರಾಸರಿ ಖರ್ಚು ಶೇಕಡಾ 6ಕ್ಕಿಂತ ಜಾಸ್ತಿ ಅನ್ನುತ್ತದೆ ವಿಶ್ವಬ್ಯಾಂಕ್, ಆದರೆ ಗಲ್ಫಿನಿಂದ ನಮ್ಮಲ್ಲಿಗೆ ಅದಕ್ಕಿಂತ ಎಷ್ಟೋ ಅಗ್ಗ. ಉಳಿಯುವುದು ಅಷ್ಟಕ್ಕಷ್ಟೇ.

ದೊಡ್ಡ ಅಪಾಯ ಇರುವುದು ಮಾರುವಾಗ. ಗುರುತಿಲ್ಲದವರಿಗೆ ಪಿ2ಪಿಯಲ್ಲಿ, ಅಂದರೆ ನೇರವಾಗಿ ಒಬ್ಬರಿಂದ ಒಬ್ಬರಿಗೆ, ಮಾರಿದಿರಿ ಅಂದುಕೊಳ್ಳಿ. ಅವರು ಹಾಕಿದ ರೂಪಾಯಿ ಎಲ್ಲೋ ಯಾರಿಗೋ ಮೋಸ ಮಾಡಿ ಹೊಡೆದದ್ದಾದರೆ ಪೊಲೀಸರ ಸೂಚನೆ ಬಂದು ನಿಮ್ಮ ಖಾತೆ ಫ್ರೀಜ್ ಆಗಬಹುದು. ಅಮ್ಮನ ಪೆನ್ಶನ್ ಬರುವುದೂ ಅದೇ ಖಾತೆಗೆ ಅಲ್ವಾ? ನೂರಿನ್ನೂರು ಉಳಿಸಲು ಹೋಗಿ ತಿಂಗಳುಗಟ್ಟಲೆ ಬ್ಯಾಂಕಿಗೂ ಸ್ಟೇಷನ್ನಿಗೂ ಅಲೆಯಬೇಕು.

ಹಾಗಾದರೆ ಬಡವರಿಗೆ ಉಪಯೋಗವೇ ಇಲ್ಲವಾ? ವೆನೆಜುವೆಲಾದ ಹಾಗೆ ಸ್ವಂತ ನೋಟೇ ಬೆಲೆ ಕಳೆದುಕೊಂಡ ಕಡೆ ಇದೆ, ಅಲ್ಲಿ ಜನ ಯುಎಸ್‌ಡಿಟಿ ಇಟ್ಟುಕೊಳ್ಳುತ್ತಾರೆ. ಎಲ್ ಸಾಲ್ವಡೋರ್ 2021ರಲ್ಲಿ ಬಿಟ್‌ಕಾಯಿನ್ನನ್ನು ಅಧಿಕೃತ ಹಣ ಮಾಡಿತು, ಜನ ಅಷ್ಟಾಗಿ ಬಳಸಲಿಲ್ಲ, 2025ರಲ್ಲಿ ಅದನ್ನು ಪಡೆಯಲೇಬೇಕು ಅನ್ನುವ ಕಡ್ಡಾಯವನ್ನು ತೆಗೆದುಹಾಕಿತು. ನಮ್ಮಲ್ಲಿ ಆ ತೊಂದರೆ ಇಲ್ಲ, ಮೀನಿನವರ ಹತ್ತಿರವೂ ಯುಪಿಐ ಇದೆ.

ತಿಂಗಳಿಗೆ ಇಷ್ಟು ಗ್ಯಾರಂಟಿ, ಇನ್ನಿಬ್ಬರನ್ನು ಸೇರಿಸಿ ಅಂದವರು ಸಂಬಂಧಿಕರಾದರೂ ಬೇಡ ಅನ್ನಿ. ವ್ಯಾಲೆಟ್‌ನ ಕೀಲಿಯಾದ 12 ಅಥವಾ 24 ಪದಗಳನ್ನು ಯಾರಿಗೂ ಹೇಳಬೇಡಿ, ಫೋಟೋ ತೆಗೆದೂ ಇಡಬೇಡಿ. ದುಡ್ಡು ಹೋಯಿತು ಅಂತ ಗೊತ್ತಾದ ತಕ್ಷಣ, ನಾಚಿಕೆಪಡದೆ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಸ್ಕ್ರೀನ್‌ಶಾಟ್, ವ್ಯಾಲೆಟ್ ವಿಳಾಸ, ಟ್ರಾನ್ಸಾಕ್ಷನ್ ಐಡಿ ತೆಗೆದಿಡಿ. ಮಲಯಾಳ ಬರೆಯಲು ಬಾರದು ಅಂತ ಹಿಂಜರಿಯಬೇಡಿ, ದೂರನ್ನು ಕನ್ನಡದಲ್ಲೇ ಬರೆದು ಕೊಡಿ.