ಕಾರ್ಡ್ "ಫಾರ್ಮ್ಯಾಟ್ ಮಾಡಬೇಕೇ?" ಎಂದು ಕೇಳಿದರೆ

ಮೆಮೊರಿ ಕಾರ್ಡ್ ಹಾಕಿದ ಕೂಡಲೇ ವಿಂಡೋಸ್ "ಫಾರ್ಮ್ಯಾಟ್ ಮಾಡಿ" ಎಂದರೆ, ಒಳಗಿನ ಫೋಟೋಗಳು ಬೇಕಿದ್ದರೆ ಬೇಡ ಅನ್ನಿ. ಚೆಕ್‌ಡಿಸ್ಕ್ (ಡಿಸ್ಕ್ ದೋಷ ಸರಿಪಡಿಸುವ ವಿಂಡೋಸ್ ಸಾಧನ) ಕೂಡ ಈಗಲೇ ಬೇಡ, ದುರಸ್ತಿ ಮಾಡುವಾಗ ಅದು ಕಾರ್ಡಿನ ಮೇಲೇ ಬರೆಯುತ್ತದೆ. ಅಡಾಪ್ಟರಿನ ಪಕ್ಕದ ಪುಟ್ಟ ಗುಂಡಿಯನ್ನು ಲಾಕ್ ಕಡೆಗೆ ಸರಿಸಿ, ಕಾರ್ಡ್ ರೀಡರಿಗೆ ಹಾಕಿ, ಮೊದಲು ಇಡೀ ಕಾರ್ಡಿನ ಇಮೇಜ್, ಅಂದರೆ ಒಂದೇ ಕಡತದಲ್ಲಿ ಪೂರ್ತಿ ನಕಲು, ಕಂಪ್ಯೂಟರಿಗೆ ತೆಗೆದುಕೊಳ್ಳಿ (32 ಜಿಬಿ ಕಾರ್ಡಿಗೆ ಅಷ್ಟೇ ಜಾಗ ಬೇಕು). ಲಿನಕ್ಸ್‌ನಲ್ಲಾದರೆ ಈ ನಕಲಿಗೆ ಡಿಡಿರೆಸ್ಕ್ಯೂ ಎಂಬ ತಂತ್ರಾಂಶ ಒಳ್ಳೆಯದು, ಓದಲಾಗದ ಜಾಗ ದಾಟಿ ಮುಂದೆ ಹೋಗಿ, ಆಮೇಲೆ ಮತ್ತೆ ಪ್ರಯತ್ನಿಸುತ್ತದೆ. ಆ ಇಮೇಜಿನ ಮೇಲೆ ಕಳೆದ ಕಡತಗಳನ್ನು ಹುಡುಕಿಕೊಡುವ ಉಚಿತ ತಂತ್ರಾಂಶ ಫೋಟೋರೆಕ್ ಓಡಿಸಿ, ಸಿಕ್ಕಿದ್ದನ್ನು ಕಂಪ್ಯೂಟರಿನಲ್ಲೇ ಉಳಿಸಿ. ಸಾಮಾನ್ಯವಾಗಿ ಕೆಡುವುದು ಕಡತಗಳ ಪಟ್ಟಿ ಮಾತ್ರ, ಫೋಟೋಗಳು ಇದ್ದಲ್ಲೇ ಇರುತ್ತವೆ. ಫೋಟೋರೆಕ್ ಪಟ್ಟಿ ನೋಡದೆ ಪ್ರತಿ ಕಡತದ ಆರಂಭದ ಗುರುತು ಹಿಡಿದು ಹುಡುಕುತ್ತದೆ. ಹಾಗಾಗಿ ಹಳೆಯ ಹೆಸರು, ಫೋಲ್ಡರ್ ಸಿಗುವುದಿಲ್ಲ. ತುಂಡುತುಂಡಾಗಿ ಉಳಿದ ದೊಡ್ಡ ವಿಡಿಯೊ ಹಲವು ಸಲ ಓಡುವುದೇ ಇಲ್ಲ. ರೀಡರ್ ಬದಲಿಸಿದರೂ ಕಾರ್ಡ್ 0 ಬೈಟ್ ತೋರಿಸಿದರೆ, ಅಥವಾ ಫೋನಿನಲ್ಲಿ ಅದನ್ನು ಇಂಟರ್ನಲ್ ಸ್ಟೋರೇಜ್ ಮಾಡಿಕೊಂಡಿದ್ದರೆ (ಎನ್‌ಕ್ರಿಪ್ಟ್ ಆಗಿರುತ್ತದೆ, ಅಂದರೆ ಆ ಫೋನಿಗಷ್ಟೇ ಓದಲು ಬರುತ್ತದೆ), ಈ ದಾರಿ ನಡೆಯದು. ಎಲ್ಲ ಸಿಕ್ಕ ಮೇಲೆ ಕಾರ್ಡನ್ನು ಪೂರ್ತಿ ಫಾರ್ಮ್ಯಾಟ್ ಮಾಡಿ, ಕಾರ್ಡ್ ಪರೀಕ್ಷಿಸುವ ತಂತ್ರಾಂಶ ಎಚ್2ಟೆಸ್ಟ್‌ಡಬ್ಲ್ಯೂನಿಂದ ತುಂಬಿಸಿ ಪರೀಕ್ಷಿಸಿ. ಒಂದೇ ತಪ್ಪು ಕಂಡರೂ ಕಸದ ಬುಟ್ಟಿಗೆ.